ಕುರಿಗಣ್ಣು: ರಾತ್ರಿ ಬಳಕೆಯ ಕೈಪಿಡಿ, ಬಿಳಿಚೋಡು ಹೋಬಳಿ ಆವೃತ್ತಿ



ಕುರಿಗಣ್ಣನ್ನು ಕೊಂಡದ್ದಕ್ಕೆ ಅಭಿನಂದನೆಗಳು. ನೀವು ಕೊಂಡದ್ದು ಕುರಿಯನ್ನು, ಕಣ್ಣು ಅದರ ಜೊತೆ ಪುಕ್ಕಟೆ ಬಂತು ಎಂಬುದು ನಮಗೆ ಗೊತ್ತಿದೆ. ಸಂತೆಯಲ್ಲಿ ಹಲ್ಲು ಎಣಿಸಿದಿರಿ, ಬೆನ್ನು ಒತ್ತಿ ನೋಡಿದಿರಿ, ಟವೆಲಿನಡಿ ಬೆರಳು ಹಿಡಿದು ರೇಟು ಇಳಿಸಿದಿರಿ. ಕಣ್ಣಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹಾಗೆ ಕೇಳದೆ ಹೋದವರಿಗಾಗಿ, ಜೊತೆಗೆ ಕುರಿಯನ್ನೇ ಕೊಳ್ಳದೆ ದಾವಣಗೆರೆ–ಜಗಳೂರು ರಸ್ತೆಯಲ್ಲಿ ಬಿಳಿಚೋಡಿನ ಆಚೀಚೆ ಕತ್ತಲಾದ ಮೇಲೆ ಗಾಡಿ ಓಡಿಸುವವರಿಗಾಗಿ, ಈ ಕೈಪಿಡಿ. ಸಾಧನವನ್ನು ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ಯಾರೂ ಓದುವುದಿಲ್ಲ ಎಂಬುದೂ ನಮಗೆ ಗೊತ್ತಿದೆ.

ಭಾಗಗಳು

ಪ್ರತಿ ಕುರಿಗೆ ಎರಡು ಸಾಧನಗಳನ್ನು ತಲೆಯ ಎಡಬಲಕ್ಕೆ ಕೂರಿಸಿಯೇ ಕೊಡಲಾಗಿದೆ. ಪ್ರತ್ಯೇಕ ಜೋಡಣೆ ಬೇಕಿಲ್ಲ. ಎದುರಿಗೆ ಉಬ್ಬಿದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದು, ಹೆಸರು ಮಾತ್ರ ಒಳಗಿರುವ ಮಸೂರದ್ದು. ನಡುವೆ ಅಡ್ಡಡ್ಡ ಸೀಳಿನಂಥ ಪಾಪೆ. ಹಗಲು ಕಿರಿದಾಗಿರುತ್ತದೆ, ಕತ್ತಲಲ್ಲಿ ಅಗಲವಾಗಿ ತೆರೆದುಕೊಳ್ಳುತ್ತದೆ. ಹಿಂಗೋಡೆಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲ. ಇಲ್ಲಿಯ ತನಕ ನಿಮ್ಮ ಕಣ್ಣಿನ ಪಟ್ಟಿಯೂ ಇದೇ.

ಕುರಿಯ ಮಾದರಿಯಲ್ಲಿ ಇನ್ನೊಂದು ಭಾಗ ಹೆಚ್ಚಿಗೆ ಇದೆ. ಅಕ್ಷಿಪಟಲದ ಬೆನ್ನಿಗೆ ಒಂದು ಕನ್ನಡಿ ಹಾಸಿದೆ. ಇದರ ಹೆಸರು ಟಪೀಟಮ್ ಲ್ಯೂಸಿಡಮ್. ಬೆಳ್ಳಿಯಿಲ್ಲ, ಪಾದರಸವಿಲ್ಲ, ಕುರಿ, ಆಡು, ದನ, ಎಮ್ಮೆ, ಕುದುರೆಗಳಲ್ಲಿ ಇದನ್ನು ನೇಯ್ದಿರುವುದು ಕೊಲಾಜನ್ ಎಂಬ ನಾರಿನಿಂದ, ಚರ್ಮ ಮತ್ತು ಮೂಳೆಗಳಲ್ಲಿರುವ ಅದೇ ನಾರಿನಿಂದ. ಎಳೆಗಳು ಒಂದರ ಪಕ್ಕ ಒಂದು ಎಷ್ಟು ಕ್ರಮವಾಗಿ ಕೂತಿವೆಯೆಂದರೆ, ಬಣ್ಣವೇ ಇಲ್ಲದ ನಾರು ಹಸಿರು–ನೀಲಿಯಾಗಿ ಹೊಳೆಯುತ್ತದೆ. ನವಿಲುಗರಿಯ ನೀಲಿಯೂ ಹೀಗೆ ರಚನೆಯಿಂದ ಹುಟ್ಟಿದ್ದು, ಬಣ್ಣದಿಂದಲ್ಲ. ಬೆಕ್ಕು, ನಾಯಿ, ಚಿರತೆಗಳಲ್ಲಿ ಕನ್ನಡಿಯ ಕಚ್ಚಾವಸ್ತು ಬೇರೆ: ನಾರಿನ ಬದಲು ಜೀವಕೋಶಗಳ ಪದರ.

ಕನ್ನಡಿ ಏಕೆ? ಮಬ್ಬುಗತ್ತಲಲ್ಲಿ ಒಳಬಂದ ಅಷ್ಟಿಷ್ಟು ಬೆಳಕು ಅಕ್ಷಿಪಟಲವನ್ನು ದಾಟುವಾಗ ಎಲ್ಲವೂ ಹಿಡಿತಕ್ಕೆ ಸಿಗುವುದಿಲ್ಲ. ತಪ್ಪಿಸಿಕೊಂಡದ್ದನ್ನು ಕನ್ನಡಿ ತಡೆದು ಹಿಂದಕ್ಕೆ ಕಳಿಸುತ್ತದೆ. ಅಕ್ಷಿಪಟಲಕ್ಕೆ ಎರಡನೆಯ ಅವಕಾಶ ಸಿಗುತ್ತದೆ. ಕನ್ನಡಿಯನ್ನು ಹಿಂಗೋಡೆಯ ಮೇಲರ್ಧಕ್ಕೆ ಮಾತ್ರ ಹಾಸಿರುವುದನ್ನೂ ಗಮನಿಸಿ. ಮಸೂರ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ನೆಲದ ಕಡೆಯ ಬೆಳಕು ಬೀಳುವುದು ಮೇಲರ್ಧದ ಮೇಲೆ. ಆಕಾಶಕ್ಕೆ ನೆರವು ಬೇಡ, ಹುಲ್ಲಿಗೆ ಬೇಕು. ಇಷ್ಟು ಲೆಕ್ಕಾಚಾರದ ಮಿತವ್ಯಯ ಯಾವ ಕಾಮಗಾರಿಯ ಅಂದಾಜುಪಟ್ಟಿಯಲ್ಲೂ ಕಾಣಸಿಗುವುದಿಲ್ಲ.

ಸಾಧನವನ್ನು ಬಿಚ್ಚಬೇಡಿ. ಬಿಚ್ಚಲೇಬೇಕೆಂಬ ಕುತೂಹಲವಿದ್ದರೆ ಭಾನುವಾರ ಮಟನ್ ಅಂಗಡಿಯಲ್ಲಿ ತಲೆ ಮಾಂಸ ಕೊಳ್ಳುವವರ ಪಕ್ಕ ನಿಂತು ಒಂದು ಕಣ್ಣು ಕೇಳಿ ಪಡೆದು, ಅಡ್ಡಲಾಗಿ ಎರಡು ಹೋಳು ಮಾಡಿ, ಹಿಂಭಾಗದ ಬಟ್ಟಲಿಗೆ ಅಂಟಿರುವ ತೆಳು ಅಕ್ಷಿಪಟಲವನ್ನು ಮೆಲ್ಲಗೆ ಸರಿಸಿ. ಕೆಳಗೆ ಹಸಿರು–ನೀಲಿ ಹೊಳಪು ಕಾಣುತ್ತದೆ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮನುಷ್ಯನ ಕಣ್ಣಿನ ಚಿತ್ರವನ್ನೇ ಬಿಡಿಸಿಬಿಡಿಸಿ ಬೇಸತ್ತ ಮಕ್ಕಳಿಗೆ ಇದನ್ನು ತೋರಿಸಬೇಕು ಎಂಬುದು ನಮ್ಮ ಶಿಫಾರಸು.

ಕೆಲಸ ಮಾಡುವ ಬಗೆ

ಬರಿಯ ಮಸೂರ ಬೆಳಕನ್ನು ಬಗ್ಗಿಸಿ ಮುಂದಕ್ಕೆ ಕಳಿಸುತ್ತದೆ. ಬರಿಯ ಕನ್ನಡಿ, ಬೆಳಕು ಓರೆಯಾಗಿ ಬಂದರೆ, ಅಷ್ಟೇ ಓರೆಯಾಗಿ ಇನ್ನೊಂದು ಕಡೆಗೆ ಎಸೆಯುತ್ತದೆ. ಎರಡರಲ್ಲಿ ಯಾವುದನ್ನು ನಂಬಿದರೂ ನಿಮ್ಮ ಬೆಳಕು ನಿಮಗೆ ವಾಪಸು ಸಿಗುವುದಿಲ್ಲ. ಮಸೂರದ ಸಂಗಮಬಿಂದುವಿನಲ್ಲೇ ಕನ್ನಡಿಯಿಟ್ಟರೆ ಮಾತ್ರ ಆಟ ಬದಲಾಗುತ್ತದೆ. ದೂರದಿಂದ ಬಂದ ಕಿರಣಗಳು ಬಗ್ಗಿ ಹಿಂಗೋಡೆಯ ಒಂದು ಚುಕ್ಕೆಯಲ್ಲಿ ಕೂಡುತ್ತವೆ. ಕನ್ನಡಿ ಅವನ್ನು ಅಲ್ಲಿಂದ ಚದುರಿಸುತ್ತದೆ. ಹೊರಡುವಾಗ ಅದೇ ಮಸೂರವನ್ನು ದಾಟಬೇಕಾದ್ದರಿಂದ, ಬಂದಾಗ ಬಗ್ಗಿದಷ್ಟೇ ಬಗ್ಗಿ, ಬಂದ ದಾರಿಯಲ್ಲೇ ಹೊರಬೀಳುತ್ತವೆ. ವಿಳಾಸದಾರರು ಸಿಗದ ಕಾಗದ ಬರೆದವರ ಮನೆಗೇ ಮರಳುವ ಹಾಗೆ. ಕುರಿ ತಲೆಯನ್ನು ತುಸು ಆಚೀಚೆ ಹೊರಳಿಸಿದರೂ ಚುಕ್ಕೆ ಕನ್ನಡಿಯ ಮೇಲೆ ಜರುಗುತ್ತದೆಯೇ ಹೊರತು ವ್ಯವಹಾರ ಕೆಡುವುದಿಲ್ಲ.

ಇದರ ಪರಿಣಾಮವೇ ಈ ಕೈಪಿಡಿಯ ಮುಖ್ಯ ಸೂಚನೆ: ಹೊಳಪು ಕಾಣುವುದು ಬೆಳಕು ಬಿಟ್ಟವನಿಗೆ ಮಾತ್ರ. ಹತ್ತು ಮಾರು ದೂರದಲ್ಲಿ ನಿಂತ ನಿಮ್ಮ ಮಾವನವರಿಗೆ ಅದೇ ಕುರಿ ಅದೇ ಕ್ಷಣದಲ್ಲಿ ಬರೀ ಕತ್ತಲು. "ಎಲ್ಲೈತೆ? ನನಗೇನೂ ಕಾಣ್ತಿಲ್ಲವಲ್ಲ" ಎಂದು ಅವರು ಗದರಿದರೆ ವಾದಿಸಬೇಡಿ, ಬ್ಯಾಟರಿಯನ್ನು ಅವರ ಕೈಗೆ ಕೊಡಿ.

ಬಳಸುವ ಕ್ರಮ

ಬ್ಯಾಟರಿಯನ್ನು ಸೊಂಟದ ಹತ್ತಿರ ಹಿಡಿಯುವುದು ರೂಢಿ. ಅದು ದಾರಿಯ ಗುಂಡಿ ನೋಡಲು ಸರಿ, ಕಣ್ಣು ಹುಡುಕಲು ಅಲ್ಲ. ಮರಳಿದ ಬೆಳಕು ಬ್ಯಾಟರಿಯ ಆಸುಪಾಸಿನಲ್ಲೇ ಬಂದು ಬೀಳುವುದರಿಂದ ನಿಮ್ಮ ಕಣ್ಣೂ ಅಲ್ಲೇ ಇರಬೇಕು. ಕಪಾಳಕ್ಕೆ ಆನಿಸಿ ಹಿಡಿಯಿರಿ, ಇಲ್ಲವೆ ಹಣೆಗೆ ಕಟ್ಟುವ ಬ್ಯಾಟರಿ ಬಳಸಿ. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟು ಬಂತೆಂದು ಮೋಟರ್ ಹಾಕಲು ಹೊಲಕ್ಕೆ ಹೋಗುವವರಿಗೆ ಈ ಬದಲಾವಣೆಯಿಂದ ಕೈಗಳೆರಡೂ ಖಾಲಿಯಾಗುವ ಲಾಭವೂ ಉಂಟು.

ಮೊದಲ ಸಲ ಹಣೆಬ್ಯಾಟರಿ ಕಟ್ಟಿಕೊಂಡು ಹೊಲಕ್ಕಿಳಿದವರು ಗಾಬರಿಯಾಗುವುದು ಸಹಜ. ನೆಲದಲ್ಲೆಲ್ಲ ಸಾಸಿವೆ ಕಾಳಿಗಿಂತ ಸಣ್ಣ ಹಸಿರು ಕಿಡಿಗಳು ಮಿನುಗುತ್ತವೆ. ಇಬ್ಬನಿಯೆಂದು ಬಗ್ಗಿ ನೋಡಿದರೆ ಕಿಡಿ ಎಂಟು ಕಾಲಿನಲ್ಲಿ ಓಡುತ್ತದೆ. ಅದು ತೋಳ ಜೇಡ. ಬಲೆ ನೇಯದೆ ನೆಲದ ಮೇಲೆ ಅಟ್ಟಿಸಿಕೊಂಡು ಬೇಟೆಯಾಡುವ ಜಾತಿ. ಅದರ ಕಣ್ಣಿನಲ್ಲೂ ಮಸೂರದ ಹಿಂದೆ ಕನ್ನಡಿಯಿದೆ. ಇಷ್ಟು ದಿನ ಅವುಗಳ ನಡುವೆಯೇ ಬರಿಗಾಲಲ್ಲಿ ಓಡಾಡಿದ್ದೀರಿ, ಏನೂ ಆಗಿಲ್ಲ; ಮುಂದೆಯೂ ಹೋಗಬಹುದು.

ಕಂಡದ್ದನ್ನು ಓದುವುದು ಹೇಗೆ? ಎರಡು ಚುಕ್ಕೆ ಕಂಡರೆ ಪ್ರಾಣಿ ನಿಮ್ಮತ್ತ ಮುಖ ಮಾಡಿದೆ. ಒಂದೇ ಚುಕ್ಕೆಯಾದರೆ ಪಕ್ಕಕ್ಕೆ ತಿರುಗಿದೆ. ಕುರಿಯ ಕಣ್ಣುಗಳು ತಲೆಯ ಬದಿಗಿರುವುದರಿಂದ ಹೀಗಾಗುವುದೇ ಹೆಚ್ಚು. ಚುಕ್ಕೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಹೇಗೆ ಚಲಿಸುತ್ತಿದೆ ನೋಡಿ. ಬಣ್ಣವನ್ನು ಮಾತ್ರ ನಂಬಬೇಡಿ. ಹಸಿರಾದರೆ ಕುರಿ, ಕೆಂಪಾದರೆ ಚಿರತೆ ಎಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವವರು ಊರಿಗಿಬ್ಬರು ಇರುತ್ತಾರೆ. ಒಂದೇ ಪ್ರಾಣಿಯ ಕಣ್ಣು ಕೋನ ಬದಲಾದರೆ, ವಯಸ್ಸಾದರೆ, ಬ್ಯಾಟರಿಯ ಬಲ್ಬು ಬೇರೆಯಾದರೆ ಬೇರೆ ಬಣ್ಣ ತೋರಿಸುತ್ತದೆ.

ಗದ್ದೆಯಂಚಿನಲ್ಲಿ ತೇಲುವ ಬೆಳಕನ್ನು ಕೊಳ್ಳಿದೆವ್ವದ ಖಾತೆಗೆ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ನಿಮ್ಮ ಬ್ಯಾಟರಿ ಆರಿಸಿ. ಅದೂ ಆರಿದರೆ ಕಣ್ಣು. ಆರದಿದ್ದರೆ ಪಕ್ಕದ ಹೊಲದವರು ಬೀಡಿ ಸೇದುತ್ತಿದ್ದಾರೆ. ಎರಡೂ ಅಲ್ಲವಾದರೆ ಈ ಕೈಪಿಡಿಯ ವ್ಯಾಪ್ತಿ ಮುಗಿಯಿತು.

ತೊಂದರೆ ಮತ್ತು ಪರಿಹಾರ

ಕುರಿಗಾಹಿಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವಾದ್ದರಿಂದ ಒಂದನ್ನು ಹಾಗೇ ಕೊಟ್ಟಿದ್ದೇವೆ.

"ಸಾಮಿ, ಕಣ್ಣು ಮಿಂಚ್ತಾವೆ ಅಂತೀರಲ್ಲ, ಹಿಂದಿಂದ ಬಂದ ಗಾಡಿಯೋನಿಗೆ ನನ್ನ ಮಂದೆ ಕಾಣಲೇ ಇಲ್ಲವಂತೆ?"

"ಯಜಮಾನ್ರೇ, ಕುರಿಗೆ ಹಿಂದೆ ಕಣ್ಣಿಲ್ಲ."

"ಅದು ನಂಗೂ ಗೊತ್ತೈತೆ."

"ಹಿಂದೆ ನಡೆಯೋರು ಯಾರು?"

"ನಾನೇ."

"ಹೆಗಲ ಮೇಲೆ ಏನಿರ್ತದೆ?"

"ಕಂಬಳಿ. ಕರೀದು."

ದೋಷ ಇಲ್ಲಿದೆ. ಎದುರಿನಿಂದ ಬರುವ ಗಾಡಿಗೆ ಮಂದೆಯೆಂದರೆ ನೂರಾರು ಹಸಿರು ದೀಪಗಳ ಮೆರವಣಿಗೆ. ಹಿಂದಿನಿಂದ ಬರುವ ಗಾಡಿಗೆ ಅದೇ ಮಂದೆ ಕೊನೆಯಾಗುವುದು ಕರಿ ಕಂಬಳಿ ಹೊದ್ದ ಒಬ್ಬ ಮನುಷ್ಯನಲ್ಲಿ. ಕರಿ ಉಣ್ಣೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ನುಂಗಿ ಉಳಿದದ್ದನ್ನು ಹತ್ತೂ ದಿಕ್ಕಿಗೆ ಚೆಲ್ಲುತ್ತದೆ. ಚಾಲಕನ ಪಾಲಿಗೆ ಏನೂ ಮಿಕ್ಕುವುದಿಲ್ಲ. ಇಡೀ ಮಂದೆಯಲ್ಲಿ ಕನ್ನಡಿಯಿಲ್ಲದ ಕಣ್ಣಿರುವುದು ಅವನೊಬ್ಬನಿಗೇ. ಅಪಾಯದ ತುದಿಯಲ್ಲಿ ನಡೆಯುವವನೂ ಅವನೇ.

ಮನುಷ್ಯನ ಮಾದರಿಗೆ ಕನ್ನಡಿ ಯಾಕೆ ಕೊಟ್ಟಿಲ್ಲವೆಂದು ಅನೇಕರು ಅರ್ಜಿ ಹಾಕಿದ್ದಾರೆ. ಮಂಗಗಳ ಬಹುತೇಕ ಜಾತಿಗಳಿಗೂ ಇಲ್ಲ, ಹಂದಿಗೂ ಇಲ್ಲ. ಹಗಲಿನ ಜೀವಿಗಳಿಗೆ ಇದು ನಷ್ಟದ ಬಾಬತ್ತು: ಕನ್ನಡಿಯಿಂದ ಮರಳಿದ ಬೆಳಕು ಮೊದಲಿನ ಜಾಗಕ್ಕೇ ಕರಾರುವಾಕ್ಕಾಗಿ ಬೀಳದೆ ಚಿತ್ರ ತುಸು ಮಸುಕಾಗುತ್ತದೆ. ಕುರಿಗೆ ಹುಲ್ಲು ಎಲ್ಲಿದೆ, ತೋಳ ಎಲ್ಲಿದೆ ಎಂದು ತಿಳಿದರೆ ಸಾಕು. ಪಹಣಿಯ ಸಣ್ಣಕ್ಷರ ಓದಬೇಕಿಲ್ಲ. ಮದುವೆ ಫೋಟೋದಲ್ಲಿ ಫ್ಲಾಷ್ ಬಿದ್ದಾಗ ಬೀಗರ ಕಣ್ಣು ಕೆಂಪಗೆ ಕಾಣುವುದನ್ನು ಕನ್ನಡಿಯೆಂದು ತಿಳಿಯಬೇಡಿ. ಅದು ಕಣ್ಣಿನ ಹಿಂಗೋಡೆಯ ರಕ್ತದ ಬಣ್ಣ.

ಎಮ್ಮೆ ರಸ್ತೆಯ ನಡುವೆ ಮಲಗಿದ್ದಾಗ ಸಾಧನ ಕೆಲಸ ಮಾಡುತ್ತಿಲ್ಲವೆಂಬ ದೂರೂ ಬಂದಿದೆ. ಮೆಲುಕು ಹಾಕುವ ಎಮ್ಮೆ ಅರೆಗಣ್ಣು ಮುಚ್ಚಿರುತ್ತದೆ. ರಿಪೇರಿ ಸಾಧ್ಯವಿಲ್ಲ, ನಿಧಾನ ಹೋಗಿ.

ಇನ್ನು ಕಲ್ಲು. ಕೊಯ್ಲಿನ ಕಾಲದಲ್ಲಿ ಮೆಕ್ಕೆಜೋಳವನ್ನು ಟಾರು ರಸ್ತೆಯ ಅರ್ಧಕ್ಕೆ ಹರವಿ, ಗಾಡಿಗಳು ಹತ್ತದಿರಲೆಂದು ಸುತ್ತ ಸಾಲಾಗಿ ಕಲ್ಲು ಇಡುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಕಣ ಕಿರಿದಾಗಿದೆ, ರಸ್ತೆ ಅಗಲವಾಗಿದೆ, ಬಿಸಿಲಿಗೆ ಟಾರು ಚೆನ್ನಾಗಿ ಕಾಯುತ್ತದೆ. ರೈತರ ಕಷ್ಟ ಅರ್ಥವಾಗುತ್ತದೆ. ಸಂಜೆ ಕಾಳು ಮನೆಗೆ ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ ಎಂಬುದು ಮಾತ್ರ ಅರ್ಥವಾಗುವುದಿಲ್ಲ. ಕಲ್ಲಿಗೆ ಕಾರ್ನಿಯಾ ಇಲ್ಲ, ಕನ್ನಡಿ ಇಲ್ಲ. ಬೈಕಿನ ದೀಪಕ್ಕೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕಲ್ಲನ್ನೂ ಮನೆಗೆ ಕರೆದೊಯ್ಯಿರಿ.

ನಿಷೇಧ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಈ ಕೈಪಿಡಿಯನ್ನು ಬಳಸುವಂತಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 77 ಚದರ ಕಿಲೋಮೀಟರಿನ ಈ ಕುರುಚಲು ಕಾಡು ಇರುವುದೇ ಕೊಂಡುಕುರಿಗಾಗಿ. ಹೆಸರಿನಲ್ಲಿ ಕುರಿ ಇದ್ದರೂ ಇದು ಕುರಿಯಲ್ಲ, ಸಣ್ಣ ಜಿಂಕೆಯಂತೆ ಕಾಣುವ ಪ್ರಾಣಿ. ಗಂಡಿಗೆ ನಾಲ್ಕು ಕೊಂಬು. ಕಣ್ಣಿನ ಕನ್ನಡಿ ಇದಕ್ಕೂ ಇದೆ, ಹಾಗಾಗಿ ಬೆಳಕು ಬಿಟ್ಟರೆ ಇದೂ ಸಿಕ್ಕಿಬೀಳುತ್ತದೆ. ಕತ್ತಲಲ್ಲಿ ಕಾಣಲೆಂದು ಪ್ರಾಣಿ ಇಟ್ಟುಕೊಂಡ ಕನ್ನಡಿಯೇ ಬಂದೂಕಿನವನಿಗೆ ಗುರಿ ತೋರಿಸುವುದನ್ನು ತಯಾರಕರು ಊಹಿಸಿರಲಿಲ್ಲ. ಕೊಂಡುಕುರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಬೇಟೆಗೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

ಇತರ ಮಾದರಿಗಳು

ಮಸೂರ ಮತ್ತು ಕನ್ನಡಿಯನ್ನು ಕೂಡಿಸಿದ ಸಾಧನಗಳು ಬೇರೆ ಅಂಗಡಿಗಳಲ್ಲೂ ಸಿಗುತ್ತವೆ. ನಾವು ಎಲ್ಲವನ್ನೂ ಮಾರುವುದಿಲ್ಲ, ತಿಳಿದಿರಲೆಂದು ಹೇಳುತ್ತಿದ್ದೇವೆ.

ಎಲ್ಲಕ್ಕಿಂತ ಅಗ್ಗದ್ದು ಇಬ್ಬನಿ. ಚಳಿಗಾಲದ ಬೆಳಗ್ಗೆ, ಸೂರ್ಯ ಇನ್ನೂ ಕೆಳಗಿರುವಾಗ, ರಾಗಿ ಹೊಲದ ಬದುವಿನ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ಪೈರಿನ ಮೇಲೆ ಬಿದ್ದ ನಿಮ್ಮ ನೆರಳನ್ನು ನೋಡಿ. ನೆರಳಿನ ತಲೆಯ ಸುತ್ತ ಬೆಳ್ಳನೆಯ ಪ್ರಭೆ ಇರುತ್ತದೆ. ಪ್ರತಿ ಹನಿ ಒಂದು ಮಸೂರ. ಅದರ ಹಿಂದಿನ ಎಲೆಯೇ ಕನ್ನಡಿ. ಬೆಳಕು ಬಂದ ದಿಕ್ಕಿಗೇ, ಅಂದರೆ ನಿಮ್ಮ ತಲೆಯ ಕಡೆಗೆ, ಮರಳುತ್ತದೆ. ಜೊತೆಗೆ ನಿಂತವರ ನೆರಳಿಗೆ ಪ್ರಭೆ ಕಾಣುವುದಿಲ್ಲ. ಅವರಿಗೆ ಅವರದ್ದು ಮಾತ್ರ ಕಾಣುತ್ತದೆ. ಹದಿನಾರನೆಯ ಶತಮಾನದ ಇಟಲಿಯ ಅಕ್ಕಸಾಲಿಗ ಬೆನ್ವೆನುಟೊ ಚೆಲ್ಲಿನಿ ಇದನ್ನು ಕಂಡು ದೇವರು ತನಗೊಬ್ಬನಿಗೇ ದಯಪಾಲಿಸಿದ ತೇಜಸ್ಸೆಂದು ತಿಳಿದ. ಪಂಚಾಯಿತಿ ಚುನಾವಣೆಗೆ ನಿಲ್ಲುವವರು ಬೆಳಗಿನ ಹೊತ್ತು ಹೊಲಕ್ಕೆ ಹೋಗದಿರುವುದು ಒಳ್ಳೆಯದು.

ರಸ್ತೆಗೆಂದೇ ಮಾಡಿದ ಮಾದರಿಯನ್ನು ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ರಸ್ತೆ ರಿಪೇರಿ ಕೆಲಸ ಮಾಡಿಕೊಂಡಿದ್ದ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಮಾಡಿಸಿದರು. ಬೆಕ್ಕಿನ ಕಣ್ಣೆಂದೇ ಅದಕ್ಕೆ ಹೆಸರು: ಹಿಂದೆ ಕನ್ನಡಿ ಲೇಪಿಸಿದ ಗಾಜಿನ ಗುಂಡುಗಳು ರಬ್ಬರಿನ ಗೂಡಿನಲ್ಲಿ ಕೂತು ರಸ್ತೆಯ ನಡುವೆ ಹುದುಗಿರುತ್ತವೆ. ಅದರ ಜಾಣತನ ಇರುವುದು ಗಾಜಿನಲ್ಲಲ್ಲ, ರಬ್ಬರಿನಲ್ಲಿ. ಚಕ್ರ ಹತ್ತಿದಾಗ ಗಾಜು ಒಳಕ್ಕೆ ಕುಗ್ಗಿ, ಗೂಡಿನಲ್ಲಿ ನಿಂತ ಮಳೆನೀರಿನಿಂದ ರಬ್ಬರು ಅದನ್ನು ಒರೆಸುತ್ತದೆ. ರೆಪ್ಪೆಯಿರುವ ಕಣ್ಣು! ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕ ದಾಳಿಯ ಭಯಕ್ಕೆ ಬೀದಿದೀಪಗಳನ್ನು ಆರಿಸಿದಾಗ ಇದಕ್ಕೆ ಭಾರೀ ಬೇಡಿಕೆ ಬಂತು.

ಮೇಲಂತಸ್ತಿನ ಗಿರಾಕಿಗಳಿಗೆ ಶ್ಮಿಟ್ ಕ್ಯಾಮೆರಾ ಇದೆ. ಗೋಳಾಕಾರದ ಕನ್ನಡಿ ಆಕಾಶದ ಅಗಲವಾದ ತುಂಡನ್ನು ಒಟ್ಟಿಗೆ ಹಿಡಿಯುತ್ತದೆ, ಆದರೆ ಅಂಚಿನ ಕಿರಣಗಳನ್ನೂ ನಡುವಿನ ಕಿರಣಗಳನ್ನೂ ಒಂದೆಡೆ ಕೂಡಿಸಲಾರದೆ ಚಿತ್ರ ಮಬ್ಬಾಗುತ್ತದೆ. ಹ್ಯಾಂಬರ್ಗಿನ ವೀಕ್ಷಣಾಲಯದಲ್ಲಿ ಬರ್ನ್‌ಹಾರ್ಡ್ ಶ್ಮಿಟ್ 1930ರಲ್ಲಿ ಅದರ ಎದುರಿಗೆ, ಕಣ್ಣಿಗೆ ಚಪ್ಪಟೆಯೆಂದೇ ತೋರುವ, ನವಿರಾಗಿ ಏರಿಳಿದ ತೆಳು ಗಾಜು ಇಟ್ಟು ಆ ದೋಷ ಕಳೆದ. ಹುಡುಗನಾಗಿದ್ದಾಗ ಮದ್ದಿನ ಆಟದಲ್ಲಿ ಬಲಗೈ ಕಳೆದುಕೊಂಡಿದ್ದವನು, ಒಂದೇ ಕೈಯಲ್ಲಿ ಗಾಜು ಉಜ್ಜಿ ಈ ಕೆಲಸ ಮಾಡಿದ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರಿನ ವೀಕ್ಷಣಾಲಯದಲ್ಲಿ ಇದೇ ಜಾತಿಯ ದೂರದರ್ಶಕವಿದೆ. 1988ರಲ್ಲಿ 4130 ರಾಮಾನುಜನ್ ಎಂಬ ಕ್ಷುದ್ರಗ್ರಹ ಪತ್ತೆಯಾದದ್ದು ಅದರಿಂದಲೇ. ರಾತ್ರಿ ದಾರಿ ನೋಡಲು ಇದು ಬರುವುದಿಲ್ಲ.

ಬಹು ದೂರದಲ್ಲಿ ಅಳವಡಿಸಿದ್ದೊಂದು ಚಂದ್ರಯಾನ–3ರ ಇಳಿನೌಕೆ ವಿಕ್ರಮ್ ಮೇಲಿದೆ. ಅಂಗೈಯಲ್ಲಿ ಹಿಡಿಸುವ ಗುಮ್ಮಟದಲ್ಲಿ ಎಂಟು ಸ್ಫಟಿಕದ ಪ್ರಿಸ್ಮ್‌ಗಳು. ಇದರಲ್ಲಿ ಮಸೂರವಿಲ್ಲ, ಬೆಳಕು ಎದುರಿನ ಮುಖದಲ್ಲಿ ಬಗ್ಗಿ ಒಳಹೊಕ್ಕು, ಮೂಲೆಯ ಮೂರು ಗೋಡೆಗಳಿಗೆ ಬಡಿದು, ಬಂದ ದಿಕ್ಕಿಗೇ ಹೊರಡುತ್ತದೆ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆ ಸುಮಾರು 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಿತು. ಬೆಳಕು ಮರಳಿ ಬಂತು. ವಿಕ್ರಮ್‌ನ ಬ್ಯಾಟರಿ ಸತ್ತು ಆಗಲೇ ತಿಂಗಳುಗಳಾಗಿದ್ದವು. ಈ ಸಾಧನಕ್ಕೆ ಬ್ಯಾಟರಿ ಬೇಡ. ಬೆಳಕು ಬಿಡುವವರೊಬ್ಬರಿದ್ದರೆ ಸಾಕು.

ಮನುಷ್ಯ ಮತ್ತು ಟ್ರೇಲರ್‌ಗಾಗಿ ಹೆಚ್ಚುವರಿ ಕಿಟ್

ಹುಟ್ಟಿನಿಂದ ಸಾಧನವಿಲ್ಲದವರು ಹೊರಗಿನಿಂದ ಅಂಟಿಸಿಕೊಳ್ಳಬಹುದು. ಆಟೋಮೊಬೈಲ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ರಿಫ್ಲೆಕ್ಟರ್ ಟೇಪಿನೊಳಗೆ ಇರುವುದೂ ಇದೇ ಯಂತ್ರ: ಸೂಕ್ಷ್ಮ ಗಾಜಿನ ಮಣಿಗಳು ಅಥವಾ ಮೂಲೆಗಟ್ಟಿದ ಪ್ರಿಸ್ಮ್‌ಗಳು. ರಸ್ತೆಯ ಬಿಳಿ ಪಟ್ಟಿಗೆ ಬಣ್ಣ ಹಸಿಯಿರುವಾಗಲೇ ಉದುರಿಸುವುದೂ ಅಂಥ ಮಣಿಗಳನ್ನೇ. ಸರಕು ವಾಹನಗಳಿಗೆ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಎಂದು ನಿಯಮವಿದೆ. ಮೆಕ್ಕೆಜೋಳದ ಚೀಲ ಹೇರಿ ರಾತ್ರಿ ಹೊರಡುವ ಟ್ರ್ಯಾಕ್ಟರ್ ಟ್ರೇಲರ್‌ನ ಹಿಂಬದಿಯಲ್ಲಿ ಮಾತ್ರ ಹಲವು ಸಲ ದೇವರ ಹೆಸರು ಇರುತ್ತದೆ, ಕೆಂಪು ಪಟ್ಟಿ ಇರುವುದಿಲ್ಲ. ಎರಡಕ್ಕೂ ಜಾಗವಿದೆ.

ಲಾರಿ ಚಾಲಕರ ವಿಷಯದಲ್ಲಿ ಒಂದು ರಿಯಾಯಿತಿ ಕೊಡಿ. ಅವರು ಕೂರುವುದು ಹೆಡ್‌ಲೈಟಿಗಿಂತ ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿ. ಬೆಳಕು ಮರಳುವುದು ದೀಪದ ಕಡೆಗಾದ್ದರಿಂದ, ಕಾರಿನವರಿಗೆ ಝಗ್ಗನೆ ಕಾಣುವ ಪಟ್ಟಿ ಅವರಿಗೆ ಮಂಕಾಗಿ ಕಾಣುತ್ತದೆ. ಚಿಕ್ಕ ಚೂರು ಅಂಟಿಸಿ ಕೈತೊಳೆದುಕೊಳ್ಳದೆ ಉದ್ದಕ್ಕೆ ಅಂಟಿಸಿ.

ಕುರಿಗಾಹಿಗಳು ಕಂಬಳಿಯ ಬೆನ್ನಿಗೆ ಅಡ್ಡಲಾಗಿ ಒಂದು ಪಟ್ಟಿ ಹೊಲಿದುಕೊಳ್ಳಬೇಕು. ಅಂಟು ಉಣ್ಣೆಗೆ ನಿಲ್ಲುವುದಿಲ್ಲ, ಬಟ್ಟೆಯ ಮೇಲಿನ ಮಾದರಿಯನ್ನೇ ಕೇಳಿ ತನ್ನಿ. ಕೋಲಿನ ತುದಿಗೆ ಒಂದು ಸುತ್ತು ಹಾಕಿದರೆ ಇನ್ನೂ ಒಳ್ಳೆಯದು: ನಡೆಯುವಾಗ ಕೋಲು ಅಲ್ಲಾಡುತ್ತದೆ, ಅಲ್ಲಾಡುವ ಬೆಳಕನ್ನು ಚಾಲಕ ಬೇಗ ಗುರುತಿಸುತ್ತಾನೆ.

ನಿರ್ವಹಣೆ: ಕುರಿಯ ಮಾದರಿಯನ್ನು ರೆಪ್ಪೆ ಒರೆಸುತ್ತದೆ, ಪರ್ಸಿ ಶಾ ಮಾದರಿಯನ್ನು ಚಕ್ರ ಒರೆಸುತ್ತದೆ. ಟ್ರೇಲರ್‌ನದ್ದನ್ನು ನೀವೇ ಒರೆಸಬೇಕು. ಹೊಲದಿಂದ ರಸ್ತೆಗೆ ಹತ್ತಿದ ಕೂಡಲೇ ಇಳಿದು, ಹಳೆ ಟವೆಲನ್ನು ನೀರಲ್ಲಿ ಅದ್ದಿ ಮೆತ್ತಿದ ಎರೆಮಣ್ಣು ತೆಗೆಯಿರಿ. ಸೀಮೆಎಣ್ಣೆ, ಡೀಸೆಲ್ ಬಳಸಬೇಡಿ. ಟವೆಲನ್ನು ಸೀಟಿನ ಕೆಳಗೆ ಇಟ್ಟಿರಿ.